ನಾನೂರು ಯೂನಿಟ್

ಮೊದಲು ಹೇಳಿದ್ದು ಇರುವೆಗಳು.
ಅಂಗಡಿಯ ಹಿಂದೆ, ಬಾಬಿನ್ ಉಚ್ಚೆ ಹೊಯ್ಯುವ
ಮರದ ಪುಡಿಯ ಟ್ರೇಗೆ
ಗೋಡೆ ಇಳಿದು ಬಂದವು,
ಕೈಹೊಲಿಗೆ ಹಾಕಿದ ಹಾಗೆ, ಒಂದರ ಹಿಂದೊಂದು, ಕಪ್ಪಗೆ.

ಕಕ್ಕಡ ತಿಂಗಳು. ಮದುವೆಯಿಲ್ಲ, ಮುಹೂರ್ತವಿಲ್ಲ,
ಗೋಣಿಕೊಪ್ಪದಲ್ಲಿ ಕುಪ್ಯ ಹೊಲಿಸಲು ಬರುವವರಿಲ್ಲ.
ಜರ್ಕಿನ್ ಜಿಪ್ಪು, ಶಾಲೆ ಚೀಲದ ಪಟ್ಟಿ,
ದಿನಕ್ಕೆ ಇನ್ನೂರು ಕಂಡರೆ ಹೆಚ್ಚು.
ಇದೇ ತಿಂಗಳು ಆರಿಸಿಕೊಂಡನಲ್ಲ ಮಾರಾಯ
ಶ್ರೀಮಂತರ ಕಾಯಿಲೆಗೆ.

ದನದಾಸ್ಪತ್ರೆಯ ಬೊಳ್ಳಮ್ಮ ಡಾಕ್ಟರು
ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ತೆಗೆದು
‘ನಾನೂರ ಹನ್ನೆರಡು’ ಅಂದರು.
ನಾನು ಪರ್ಸು ತೆರೆದೆ.
‘ರೂಪಾಯಿ ಅಲ್ಲ ದೇಚಕ್ಕ, ಶುಗರು.’

ಉಳಿದ ರಕ್ತ ಹಿಡಿದು ಮೇನ್ ರೋಡಿನ ಲ್ಯಾಬಿಗೆ ಹೋದರೆ
ಹುಡುಗ ರಶೀದಿ ಬರೆದ: ಮಾಸ್ಟರ್ ಬಾಬಿನ್, ಒಂಬತ್ತು ವರ್ಷ.
ಬೆಂಚಿನ ಮೇಲಿದ್ದ ಹೆಂಗಸು ಇಣುಕಿ ನೋಡಿ
‘ಅಯ್ಯೋ ಏಸುವೇ, ಇಷ್ಟು ಚಿಕ್ಕವನಿಗಾ?’
ನಾನು ತಿದ್ದಲಿಲ್ಲ.
ಯಾರಾದರೂ ಒಬ್ಬರು ನಗದೆ ಮರುಗಲಿ ಅನ್ನಿಸಿತು.

ರಾತ್ರಿ, ಅಳತೆ ಪುಸ್ತಕದ ಕೊನೆಯ ಹಾಳೆ.
ಯಾರದೋ ಎದೆ, ಸೊಂಟ, ತೋಳಿನ ಕೆಳಗೆ ಬರೆದೆ:
ಇನ್ಸುಲಿನ್ ಸೀಸೆ, ಎರಡು ಸೀರೆ ಫಾಲ್ಸು.
ಇಪ್ಪತ್ತೈದು ಸ್ಟ್ರಿಪ್ಪು, ಒಂದು ಬ್ಲೌಸು, ಲೈನಿಂಗ್ ಸಮೇತ.
ಅನ್ನ ಬಂದ್. ಕೋಳಿ, ಮೀನು ಮಾತ್ರವಂತೆ,
ನಾನು ಭಾನುವಾರ ತಿನ್ನುವುದು ಅವನಿಗೆ ದಿನಾ.
ಮೇಲಿಂದ ಕೆಳಗೆ ಕೂಡಿದೆ.
ಕೆಳಗಿಂದ ಮೇಲೆ ಕೂಡಿದರೆ
ಕಡಿಮೆ ಬಂದೀತೇನೋ ಎಂದು ಹಾಗೂ ಕೂಡಿದೆ.

ಕೋಳಿ ಅಂಗಡಿಯ ಮೊಯ್ದು ಹೊಟ್ಟೆ ಹಿಡಿದು ನಕ್ಕ.
‘ಬೆಕ್ಕಿಗೆ ಶುಗರಾ? ಚಾ ಕುಡಿಯುತ್ತದಾ?’
ನಕ್ಕು ಮುಗಿಸಿ ಈರಲು ಅರ್ಧ ಬೆಲೆಗೆ ತೂಗಿದ.
ಬಿಟ್ಟಿ ಅಲ್ಲ. ಅರ್ಧ.

ಹದಿನೆಂಟನೇ ದಿನ ಮದ್ದ್ ತೊಪ್ಪು ಬೇಯಿಸಿದೆ,
ನೇರಳೆ ನೀರು, ಬೆಲ್ಲ, ಕಾಯಿಹಾಲು.
ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಕೂಡಿರುತ್ತವೆ,
ಮರುದಿನ ಉಚ್ಚೆ ಕೆಂಪಗಾದರೆ ಅದೇ ಸಾಕ್ಷಿ.
ಬಾಬಿನ್ ಮೂಸಿದ, ಮುಖ ತಿರುಗಿಸಿದ.
ಅವನದು ಹತ್ತೊಂಬತ್ತನೆಯದು,
ಫ್ರಿಜ್ಜಿನ ಬಾಗಿಲಲ್ಲಿ, ನಿಂಬೆ ಉಪ್ಪಿನಕಾಯಿಯ ಪಕ್ಕ.

ಒಂದು ಸೀಸೆಗೆ ನಾನೂರು ಯೂನಿಟ್.
ಬೆಳಿಗ್ಗೆ ಒಂದು, ಸಂಜೆ ಒಂದು. ತಿಂಗಳಿಗೆ ಅರವತ್ತು.
‘ತಿಂಗಳಾದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ’ ಅಂದರು ಡಾಕ್ಟರು.
ಚೆಲ್ಲುವುದೇ?
ಬೆರಳಗಲದ ಚೂರನ್ನೂ ಗಂಟು ಕಟ್ಟಿಡುವವಳು ನಾನು.

ಅವ್ವ, ನೀನು ದಿನಕ್ಕೆ ಇಪ್ಪತ್ತು ಚುಚ್ಚಿಕೊಳ್ಳಬೇಕಿತ್ತು.
ಹತ್ತೇ ಚುಚ್ಚಿಕೊಂಡೆ, ಯಾರಿಗೂ ಹೇಳದೆ,
ಈ ಮೆಷೀನಿನ ಕಂತು ತೀರುವವರೆಗೆ.
ಮೈಸೂರಿನಲ್ಲಿ ನಿನ್ನ ಕಾಲು ನೋಡಿ ಅವರು ಬೈದದ್ದು ನನಗೆ.
ಮುನ್ನೂರ ನಲವತ್ತು ಉಳಿಯುತ್ತದೆ ಇಲ್ಲಿ.
ನಿನಗೆ ಹದಿನೇಳು ದಿನ, ಪೂರ್ತಿ ಡೋಸು.

ಅವನಿಗೆ ಅರ್ಧ ಹಾಕುವುದಿಲ್ಲ.

ಬೋರ್ಡಿನಲ್ಲಿ ಎಂಬತ್ತು ಇದ್ದ ಫಾಲ್ಸಿನ ದರವನ್ನು
ಉಗುರಿನ ಬಣ್ಣದಲ್ಲಿ ನೂರು ಮಾಡಿದೆ.
‘ಯಾಕೆ ಹೆಚ್ಚಿಸಿದ್ದು?’ ಬ್ಯಾಂಕಿನ ಕಾವೇರಮ್ಮ ಕೇಳಿದರು.
‘ಬಾಬಿನ್ ಖರ್ಚು ಜಾಸ್ತಿಯಾಗಿದೆ’ ಅಂದೆ.
ಸುಳ್ಳಲ್ಲ.

ಹೆಗಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತುವುದು,
ಬ್ಲೌಸಿಗೆ ಟಕ್ಸ್ ಹಿಡಿದಂತೆ.
ಮೂವತ್ತು ವರ್ಷ ಸೂಜಿ ಹಿಡಿದ ಕೈ ಮೊದಲ ದಿನ ನಡುಗಿ
ಸೂಜಿ ಆಚೆ ಬದಿಗೆ ಹೊರಟು ಕೂದಲೆಲ್ಲ ಒದ್ದೆ.
ಈಗ ಅವನು ಬಟ್ಟಲಿನಿಂದ ತಲೆಯನ್ನೂ ಎತ್ತುವುದಿಲ್ಲ.

ನಾಳೆಗೆ ತಿಂಗಳು. ಸೀಸೆ ಅಲ್ಲೇ ಇದೆ,
ಬಾಗಿಲು ತೆಗೆದಾಗೆಲ್ಲ ಅಲುಗುತ್ತದೆ.

ಟ್ರೇಯ ಹತ್ತಿರ ಇವತ್ತು ಇರುವೆ
ಏಳು, ಇಲ್ಲ ಎಂಟು.
ಮೊಣಕಾಲೂರಿ ಕೂತು ಎಣಿಸಿದೆ,
ಒಂದು ಸ್ಟ್ರಿಪ್ಪು ಉಳಿಯಿತು.